ಅಸೆಂಬ್ಲಿಯ ಬೈಬಲ್ ವಾಕ್ಯದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಸೋಮವಾರದ ಅಸೆಂಬ್ಲಿಯಲ್ಲಿ ಬೈಬಲಿನ ಒಂದು ವಾಕ್ಯ ಓದಿಸುವುದರ ಬಗ್ಗೆ ಕೆಲವರು ಫೋನ್ ಮಾಡಿದ್ದೀರಿ, ಇಬ್ಬರು ಮೂವರು ಆಫೀಸಿಗೇ ಬಂದಿದ್ದೀರಿ. ಬಂದದ್ದು ಒಳ್ಳೆಯದಾಯಿತು. ಗೇಟಿನ ಹೊರಗೆ ನಿಂತು ಮಾತಾಡುವುದಕ್ಕಿಂತ ಒಳಗೆ ಬಂದು ಕೇಳುವುದು ಯಾವಾಗಲೂ ಮೇಲು.

ಇದು ಶುರುವಾದದ್ದು ಮಧ್ಯಾಹ್ನದ ಊಟದ ಸಾಲಿನಿಂದ. ಒಬ್ಬ ಹುಡುಗನಿಗೆ ಅವನ ಅಪ್ಪನ ಕೆಲಸ ಹಿಡಿದು ಅಡ್ಡಹೆಸರು ಇಟ್ಟಿದ್ದರು. ಅದನ್ನು ಇಲ್ಲಿ ಬರೆದರೆ ನಾನೂ ಇನ್ನೊಂದು ಸಲ ಕರೆದ ಹಾಗಾಗುತ್ತದೆ, ಬೇಡ. ಅವನು ಸಾಲು ಬಿಟ್ಟು, ತಟ್ಟೆ ಹಿಡಿದುಕೊಂಡು ಅಡುಗೆಕೋಣೆಯ ಹಿಂದಿನ ನಲ್ಲಿಯ ಹತ್ತಿರ ಕೂತು ಉಣ್ಣುತ್ತಿದ್ದ. ಕರೆದವರನ್ನು ವಿಚಾರಿಸಿದರೆ, "ಸುಮ್ನೆ ತಮಾಷೆಗೆ ಟೀಚರ್, ಮನೆಯಲ್ಲೂ ಹಾಗೇ ಹೇಳ್ತಾರೆ" ಎಂದರು.

ಹಾಗಾಗಿ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದೆವು. ಕೇಳುವವರಿಗೆ ಒಳ್ಳೆಯದಾಗುವಂಥ ಮಾತನ್ನೇ ಆಡಿ, ಕೆಟ್ಟ ಮಾತು ಬಾಯಿಂದ ಹೊರಡದಿರಲಿ ಎನ್ನುತ್ತದೆ ಅದು. ಅದರ ಮರುವಾರ ಬೈಬಲಿನದ್ದೇ ಯಾಕೋಬನ ಪತ್ರ. ದೇವರನ್ನು ಹೊಗಳುವ ಬಾಯಿಂದಲೇ ಮನುಷ್ಯರನ್ನು ಶಪಿಸುತ್ತೀರಲ್ಲ, ಒಂದೇ ಒರತೆಯಲ್ಲಿ ಸಿಹಿನೀರೂ ಉಪ್ಪುನೀರೂ ಬರುತ್ತದೆಯೇ ಎಂದು ಅವನು ಕೇಳುತ್ತಾನೆ. ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗುವ ಕಡಲ ಬದಿಯ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇದು ಮತಬೋಧನೆಯಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಮ್ಮದು ಕ್ರೈಸ್ತ ಆಡಳಿತದ ಶಾಲೆ, ಅದನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಮಾತಾಡಬೇಕು ಎಂಬುದು ನಮಗೆ ಬರೀ ಶಿಸ್ತಿನ ವಿಷಯ ಅಲ್ಲ, ನಂಬಿಕೆಯ ವಿಷಯ. ಎದುರಿಗಿರುವ ಮನುಷ್ಯ ದೇವರ ರೂಪದಲ್ಲಿ ಹುಟ್ಟಿದವನು ಎಂದು ನಂಬಿದ ಮೇಲೆ ಅವನನ್ನು ಹೀಯಾಳಿಸುವುದು ಹೇಗೆ? ಆದರೆ ನಿಮ್ಮ ಮಕ್ಕಳಿಂದ ನಾವು ಕೇಳುವುದು ಮಾತನ್ನು, ನಂಬಿಕೆಯನ್ನಲ್ಲ. ಮತ್ತೊಮ್ಮೆ ಹೇಳುತ್ತೇನೆ, ನಂಬಿಕೆಯನ್ನಲ್ಲ. ಸರಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸುವ ಹಾಗಿಲ್ಲ ಎಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಅದು ನನಗೂ ಗೊತ್ತು, ಆಡಳಿತದವರಿಗೂ ಗೊತ್ತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೂ ಬುದ್ಧನ ಕೊನೆಯ ದಿನದ ಮೇಲೂ ಕಾವ್ಯ ಬರೆದರು. ಹಾಗಂತ ಅವರೇನೂ ಮತ ಬದಲಿಸಲಿಲ್ಲ, ಅಲ್ವಾ?

ಇನ್ನು ಕೆಲವರ ಚಿಂತೆ ಬೇರೆ. ಮಕ್ಕಳು ತೀರಾ ಮೆತ್ತಗಾಗಿ ಬಿಟ್ಟರೆ ನಾಳೆ ಎಲ್ಲರೂ ತುಳಿಯುತ್ತಾರೆ ಎಂದು. ಹಾಗೇನೂ ಆಗುವುದಿಲ್ಲ. ತಪ್ಪು ಕಂಡರೆ ತಪ್ಪು ಎಂದು ಹೇಳಲೇಬೇಕು, ಟೀಚರಿಗೂ ಹೇಳಬಹುದು. ಹೀಯಾಳಿಸದೆ ಹೇಳಬೇಕು, ಅಷ್ಟೇ.

ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವ ಮನೆಗಳಿಂದ ಬಂದು ಮಕ್ಕಳು ಇಲ್ಲಿ ಕನ್ನಡದಲ್ಲಿ ಓದುತ್ತಾರೆ. ಒಬ್ಬೊಬ್ಬರ ಕನ್ನಡಕ್ಕೆ ಒಂದೊಂದು ರಾಗ. ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳು ಬರುವುದೇ ಕಷ್ಟವಾಗಿರುವಾಗ, ಬಂದವರ ಉಚ್ಚಾರಕ್ಕೆ ಯಾರೂ ನಗಲು ನಾನು ಬಿಡುವುದಿಲ್ಲ. ಈ ವಿಷಯದಲ್ಲಿ ಮಾತ್ರ ದಯವಿಟ್ಟು ರಿಯಾಯಿತಿ ಕೇಳಬೇಡಿ.

ಸೋಮವಾರದ ಓದು ಮುಂದುವರಿಯುತ್ತದೆ. ನಿಮ್ಮ ಮಗು ಅದರಲ್ಲಿ ಸೇರುವುದು ಬೇಡ ಎಂದಿದ್ದರೆ ಕ್ಲಾಸ್ ಟೀಚರಿಗೆ ಎರಡು ಸಾಲು ಬರೆದು ಕೊಡಿ. ಓದು ಮುಗಿಯುವ ತನಕ ಮಗು ಕ್ಲಾಸಿನಲ್ಲೇ ಇರಬಹುದು. ಕಾರಣ ಕೇಳುವುದಿಲ್ಲ, ಯಾರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಅಡ್ಡಹೆಸರು ಹಿಡಿದು ಕರೆಯಬಾರದು ಎಂಬ ನಿಯಮ ಮಾತ್ರ ಎಲ್ಲರಿಗೂ ಒಂದೇ.

ನಿಮ್ಮಿಂದ ಬೇಕಾದದ್ದು ಇಷ್ಟೇ: ಮನೆಯಲ್ಲಿ ಮಕ್ಕಳ ಎದುರು ಯಾರನ್ನೂ ಅಡ್ಡಹೆಸರು ಹಿಡಿದು ಕರೆಯಬೇಡಿ.

ಉಳಿದದ್ದನ್ನು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಮಾತಾಡೋಣ. ಈ ಸಲ ಅಪ್ಪಂದಿರೂ ಬನ್ನಿ.

ಇಂತಿ,
ಮುಖ್ಯೋಪಾಧ್ಯಾಯಿನಿ