ಸಾವಿರ ಕಿಲೋಮೀಟರ್ ಆಯಿತು, ಈಗ ಹೇಳಲೇಬೇಕು

ನಿನ್ನೆ ಸಂಜೆ ನಮ್ಮ ಎಂಜಿಬಿ, ಅಂದರೆ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ತಂತಿ (ಸ್ಪೋಕ್) ಚಕ್ರಗಳ ಮೇಲೆ ಸಾವಿರ ಕಿಲೋಮೀಟರ್ ಮುಗಿಸಿತು. 1968ರ ಗಾಡಿ. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದಾಗ ಇದಕ್ಕಿದ್ದದ್ದು ಸಾದಾ ಉಕ್ಕಿನ ಚಕ್ರ. ಸ್ಪೋಕ್ ಚಕ್ರ ಹಾಕಬೇಕೆಂಬುದು ನನ್ನ ಬಹುಕಾಲದ ಆಸೆ. ಅದು ಕೈಗೂಡಿದ್ದು ನನ್ನೊಬ್ಬನಿಂದಲ್ಲ.

ಮೊದಲು ನಾನು ಹಿಡಿದದ್ದು ಸುಲಭದ ದಾರಿ. ಇದ್ದ ಹಬ್‌ಗಳ (ಚಕ್ರ ಕೂರುವ ನಡುಭಾಗ) ಮೇಲೆಯೇ ತಂತಿ ಚಕ್ರಕ್ಕೆ ಬೇಕಾದ ಹಲ್ಲುಳ್ಳ ಹಬ್ ಕೂರಿಸಿ, ಬೋಲ್ಟ್‌ಗಳ ತುದಿ ಕತ್ತರಿಸಿ, ಚಕ್ರ ಏರಿಸಿದೆ. ತಿರುವಿನಲ್ಲಿ ಹಿಂದಿನ ಎಡ ಟೈರು ಮಡ್‌ಗಾರ್ಡಿನ ಒಳಅಂಚಿಗೆ ಉಜ್ಜತೊಡಗಿತು. ಹುಟ್ಟಿನಿಂದಲೇ ತಂತಿ ಚಕ್ರವಿದ್ದ ಗಾಡಿಗಳ ಹಿಂದಿನ ಆಕ್ಸಲ್ಲೇ (ಎರಡು ಚಕ್ರಗಳನ್ನು ಹೊರುವ ಅಚ್ಚು) ಉದ್ದದಲ್ಲಿ ಗಿಡ್ಡ ಎಂಬುದು ಆಮೇಲೆ ತಿಳಿಯಿತು. ತುಕ್ಕು ಹಿಡಿದು ಕೂತಿದ್ದ ತಮ್ಮ ಗಾಡಿಯಿಂದ ಇಡೀ ಆಕ್ಸಲ್ ಬಿಚ್ಚಿ ಕೊಟ್ಟ ಗೆಳೆಯರೇ, ದುಡ್ಡಿನ ಮಾತೆತ್ತಿದರೆ ಬೇಜಾರು ಮಾಡಿಕೊಂಡಿರಿ. ನಿಮ್ಮ ಋಣ ದೊಡ್ಡದು. ಆ ಆಕ್ಸಲನ್ನು ಗಾಡಿಯಡಿ ಮಲಗಿ ಎತ್ತಿ ಹಿಡಿದ ಇಬ್ಬರು ತಮ್ಮಂದಿರಿಗೂ, ಬ್ರೇಕಿನ ಗಾಳಿ ತೆಗೆಯುವಾಗ ರಾತ್ರಿ ಹನ್ನೊಂದರವರೆಗೆ ಪೆಡಲ್ ತುಳಿದ ಅಕ್ಕನಿಗೂ ವಂದನೆ.

ಆದರೆ ಈ ಬರಹ ಮುಖ್ಯವಾಗಿ ಮೇಸ್ತ್ರಿಗಳಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಎಲ್ಲ ಮುಗಿಯಿತೆಂದುಕೊಂಡ ದಿನ ಅವರು ಸುಮ್ಮನೆ ನೋಡಲು ಬಂದಿದ್ದರು. ಮುಂದಿನ ಚಕ್ರವನ್ನು ಹಿಡಿದಿಡುವ, ಅದರ ನಡುವಿನ ಎರಡು ಕಿವಿಯ ನಟ್ಟಿನ ಮೇಲೆ ಅಂಗೈಯಿಟ್ಟು, ಅದರಲ್ಲಿ ಕೊರೆದಿದ್ದ ಬಾಣದ ಗುರುತನ್ನು ಬೆರಳಿನಿಂದ ಸವರಿ ಕೇಳಿದರು: "ಇದು ಯಾವ ಕಡೆಗೆ ಬಿಚ್ಚುತ್ತೆ ಮಗಾ?" ತೋರಿಸಿದೆ. "ಚಕ್ರ ಯಾವ ಕಡೆ ಉರುಳುತ್ತೆ?" ಅದನ್ನೂ ತೋರಿಸಿದೆ. ಒಂದಕ್ಕೊಂದು ಎದುರು. ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ನಟ್ಟು ಬಿಚ್ಚಬೇಕು, ಆಗಲೇ ಓಡಿದಷ್ಟೂ ಬಿಗಿಯಾಗುವುದು. ಎಡಗಡೆಯ ಹಬ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿಬಿಟ್ಟಿದ್ದೆ. ನಟ್ಟುಗಳು ಚೆನ್ನಾಗಿಯೇ ಕೂತಿದ್ದವು, ಆದ್ದರಿಂದ ಅನುಮಾನವೇ ಬಂದಿರಲಿಲ್ಲ. ಮರುದಿನ ಮಗಳನ್ನು ಕೂರಿಸಿಕೊಂಡು ಹೊರಡುವವನಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರು ಅಷ್ಟಕ್ಕೆ ಬಿಡಲಿಲ್ಲ. ಚಕ್ರಕ್ಕೆ ಅರುವತ್ತರಂತೆ ಇನ್ನೂರ ನಲವತ್ತು ಸ್ಪೋಕುಗಳನ್ನೂ ಪುಟ್ಟ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತಾ ಹೋದರು. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಠಕ್. ಮೂರು ಠಕ್ ಸಿಕ್ಕವು. ಕಣ್ಣಿಗೆ ಕಾಣದ್ದು ಅವರ ಕಿವಿಗೆ ಕೇಳಿಸಿತು. ಹಬ್ಬಿನ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸವರಿ, ಹಬ್ ಅದಲುಬದಲು ಮಾಡಿ, ತಾಮ್ರದ ಸುತ್ತಿಗೆಯಿಂದ ನಟ್ಟು ಬಡಿದು ಬಿಗಿಯುವಾಗ ಕೊನೆಯ ಏಟು ನನ್ನ ಕೈಯಲ್ಲೇ ಹಾಕಿಸಿದರು.

ಟೈರಿನ ಅಂಗಡಿಯ ಹುಡುಗನನ್ನೂ ಮರೆಯುವಂತಿಲ್ಲ. ರಿಮ್ಮಿನ ಒಳಗೆ ಚಾಚಿಕೊಂಡಿದ್ದ ಸ್ಪೋಕಿನ ತುದಿಗಳನ್ನು ಉಜ್ಜಿ ನುಣುಪಾಗಿಸಿ, ಪಟ್ಟಿ ಸುತ್ತಿ, ಟ್ಯೂಬ್ ಹಾಕಿದ. ಇಲ್ಲಿಯವರೆಗೆ ಒಂದೂ ಪಂಕ್ಚರ್ ಆಗಿಲ್ಲ.

ಮೇಸ್ತ್ರಿಗಳೇ, ಮೊದಲ ಐವತ್ತು ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಬಿಗಿ ಮಾಡು ಎಂದಿರಿ, ಮಾಡಿದೆ. ನಿಮ್ಮ ತಾಮ್ರದ ಸುತ್ತಿಗೆ ಇನ್ನೂ ನನ್ನ ಡಿಕ್ಕಿಯಲ್ಲಿದೆ. ಭಾನುವಾರ ಅದೇ ಗಾಡಿಯಲ್ಲಿ ಬಂದು ಕೊಡುತ್ತೇನೆ. ಮಗಳೂ ಬರುತ್ತಾಳೆ.