ಮಗಳಿಗೊಂದು ಪತ್ರ: ಆ ಬಸ್ಸಿನಲ್ಲಿ ಬಂದದ್ದು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಮನಸ್ಸಿನಲ್ಲೇ ಇದೆ. ‘ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು, ಮೂರು ತಿಂಗಳಿಗೆ ಕಾರ್ಗಿಲ್ ಆಯಿತು. ಆ ಬಸ್ಸಿನಿಂದ ಏನು ಬಂತಮ್ಮ?’ ಎಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ.

ನಿನ್ನ ಸಿಟ್ಟು ಸರಿಯೇ. 1999ರ ಫೆಬ್ರುವರಿಯಲ್ಲಿ ಎರಡೂ ದೇಶಗಳು ಶಾಂತಿಯ ಮಾತು ಕೊಟ್ಟ ಲಾಹೋರ್ ಘೋಷಣೆಗೆ ಸಹಿ ಬಿತ್ತು. ಬೇಸಿಗೆಯಲ್ಲಿ ನಮ್ಮ ಐನೂರಕ್ಕೂ ಹೆಚ್ಚು ಯೋಧರು ಮಡಿದರು. ಆ ಮೋಸವನ್ನು ನಾನೂ ಮರೆತಿಲ್ಲ. ಆದರೆ ಯುದ್ಧದ ನಡುವೆಯೂ ದೆಹಲಿ–ಲಾಹೋರ್ ಬಸ್ಸು ಓಡುತ್ತಲೇ ಇತ್ತು. ಅದು ನಿಂತದ್ದು ನಮ್ಮ ಸಂಸತ್ತಿನ ಮೇಲೆ ದಾಳಿ ನಡೆದ ಮೇಲೆ. ಮತ್ತೆ ಹೊರಟದ್ದು 2003ರ ಜುಲೈಯಲ್ಲಿ.

ಹಾಗೆ ಲಾಹೋರಿನಿಂದ ಮತ್ತೆ ಹೊರಟ ಬಸ್ಸಿನಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ಇತ್ತು. ಹೃದಯದಲ್ಲಿ ರಂಧ್ರ. ಹೆತ್ತವರು ಅದನ್ನು ನಮ್ಮ ಬೆಂಗಳೂರಿಗೆ ಕರೆತಂದರು. ನಿನಗೂ ಆಗ ಅಷ್ಟೇ ವಯಸ್ಸು; ಜ್ವರ ಬಂದು ನನ್ನ ಹೆಗಲಿಗೆ ಅಂಟಿಕೊಂಡಿದ್ದೆ. ಪಾಕಿಸ್ತಾನದ ಹೆಸರೆತ್ತಿದರೆ ಮುಖ ಗಂಟಿಕ್ಕುತ್ತಿದ್ದ ನಿನ್ನ ಅಜ್ಜಿ ಶಸ್ತ್ರಚಿಕಿತ್ಸೆಯ ದಿನ ದೇವರ ಮುಂದೆ ಎರಡು ದೀಪ ಹಚ್ಚಿದರು. ಎರಡನೆಯದು ಯಾರಿಗೆಂದು ನಾನು ಕೇಳಲಿಲ್ಲ. ಮಗು ಗುಣವಾಗಿ ಊರಿಗೆ ಮರಳಿತು.

ಅಜ್ಜಿಯ ಮನಸ್ಸನ್ನು ಬದಲಿಸಿದ್ದು ಘೋಷಣೆಯಲ್ಲ, ಆ ಮಗು. ಆದರೆ ಸರ್ಕಾರಗಳ ಒಪ್ಪಂದವಿಲ್ಲದೆ ಬಸ್ಸಿಲ್ಲ, ಬಸ್ಸಿಲ್ಲದೆ ಮಗು ಬರುವುದಿಲ್ಲ. ಅದಕ್ಕೇ ರಾಜಕಾರಣಿಗಳ ಮಾತುಕತೆಯನ್ನು ಬರೀ ನಾಟಕವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಆ ವರ್ಷದ ನವೆಂಬರಿನಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ಕದನವಿರಾಮ ಬಂತು. ಮರುವರ್ಷ ನಮ್ಮ ಕ್ರಿಕೆಟ್ ತಂಡ ಅಲ್ಲಿಗೆ ಹೋಯಿತು. ರಾವಲ್ಪಿಂಡಿಯಲ್ಲಿ ನಮ್ಮ ದ್ರಾವಿಡ್ 270 ಹೊಡೆದರು. ಪಂದ್ಯ ನೋಡಲು ಹೋದ ಭಾರತೀಯರಿಂದ ಲಾಹೋರಿನ ಎಷ್ಟೋ ಅಂಗಡಿಯವರು ಹಣ ಪಡೆಯಲೇ ಇಲ್ಲ.

ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದ ಸುದ್ದಿ ಬಂದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಕೊಂದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಅಟ್ಟಾರಿ ಗಡಿಯ ಗೇಟು ಮುಚ್ಚಿತು. ಪಾಕಿಸ್ತಾನಿ ರೋಗಿಗಳ ವೀಸಾಗಳೂ 2025ರ ಏಪ್ರಿಲ್ 29ಕ್ಕೆ ಮುಗಿದವು. ಹೃದಯದ ಕಾಯಿಲೆಯ ಮಕ್ಕಳು ಚಿಕಿತ್ಸೆ ಮುಗಿಯದೆ ಹಿಂದಿರುಗಿದರು.

ನೀನೀಗ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಹಾಗೆ ಚಿಕಿತ್ಸೆ ಮುಗಿಯದ ಮಗುವನ್ನು ಎತ್ತಿಕೊಂಡು ಹೊರಟ ತಾಯಿ ನಿನ್ನ ಮುಂದೆ ನಿಂತಿದ್ದರೆ ಏನು ಹೇಳುತ್ತಿದ್ದೆ? ಫೋನಿನಲ್ಲಿ ಬೇಡ, ಬರೆದು ತಿಳಿಸು.

ನಿನ್ನ
ಅಮ್ಮ