ಚಹಾ ಕುಡಿದರೆ ಹೊಟ್ಟೆ ಖಾಲಿ ಅಲ್ಲ

ಮಾನ್ಯ ಸಂಪಾದಕರೇ,

ನಾನು 33 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹೋದ ವರ್ಷ ನಿವೃತ್ತನಾದೆ. ಬೆಳಗಿನ ಮೊದಲ ಗಾಡಿಯ ಡ್ಯೂಟಿ ಮಾಡಿದವರನ್ನು ಕೇಳಿ ನೋಡಿ, ಚಹಾ ಇಲ್ಲದೆ ಟಿಕೆಟ್ ಲೆಕ್ಕದ ವೇಬಿಲ್ ಮೇಲಿನ ಅಂಕಿಯೂ ಕಣ್ಣಿಗೆ ಕಾಣುವುದಿಲ್ಲ. ಆ ಚಹಾವನ್ನು ನಾವ್ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಲೆಕ್ಕ ಈ ಏಪ್ರಿಲ್‌ನಲ್ಲಿ ಹಲ್ಲು ಕೀಳಿಸಲು ಹೋದ ನನ್ನನ್ನು ಕಲಬುರಗಿಯ ಒಂದು ಆಸ್ಪತ್ರೆಯಿಂದ ಹಲ್ಲಿನ ಸಮೇತ ಸೇಡಂಗೆ ವಾಪಸ್ ಕಳಿಸಿತು.

ನನ್ನ ಕೆಳದವಡೆಯ ಕೊನೆಯ ಹಲ್ಲು ಅಡ್ಡ ಮಲಗಿತ್ತು. ಅರ್ಧ ಹೊರಗೆ, ಅರ್ಧ ಎಲುಬಿನಲ್ಲಿ. ಕನ್ನಡದಲ್ಲಿ ಬುದ್ಧಿಹಲ್ಲು, ಉರ್ದುವಿನಲ್ಲಿ ಅಕಲ್ ದಾಢ್. ಯಾವ ಭಾಷೆಯಲ್ಲಿ ಕರೆದರೂ ಬಾವು ಬಂದಾಗ ಬುದ್ಧಿ ಕೆಲಸ ಮಾಡುವುದಿಲ್ಲ. ವಸಡು ಸೀಳಿ, ಸ್ವಲ್ಪ ಎಲುಬು ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯಬೇಕು ಅಂದರು ಡಾಕ್ಟರ್. ನಾನು ಸೂಜಿ ಕಂಡರೆ ಬೆವರುವ ಆಸಾಮಿ. ಅದಕ್ಕೇ ಬಾಯಿ ಮರಗಟ್ಟಿಸುವ ಇಂಜೆಕ್ಷನ್ ಜೊತೆಗೆ ಕೈಯ ನರಕ್ಕೆ ಮಂಪರಿನ ಔಷಧಿಯನ್ನೂ ಕೊಡುವುದಾಗಿ ಹೇಳಿದರು. ಪೂರ್ತಿ ಎಚ್ಚರ ತಪ್ಪುವುದಿಲ್ಲ. ಕರೆದರೆ ಓ ಅನ್ನುತ್ತೇವೆ, ಆದರೆ ಭಯ ಇರುವುದಿಲ್ಲ.

ಚೀಟಿ ಬರೆದುಕೊಟ್ಟರು. ಅದರಲ್ಲಿ ತಾರೀಖು, 10 ಗಂಟೆ, ಕೆಳಗೆ ಇಂಗ್ಲಿಷಿನ ಮೂರು ಅಕ್ಷರ: ಎನ್‌ಬಿಎಂ. ನಾನು ಯಾವುದೋ ಗುಳಿಗೆ ಅಂದುಕೊಂಡು ಸೇಡಂನ ಮೆಡಿಕಲ್ ಅಂಗಡಿಯಲ್ಲಿ ಕೇಳಿದೆ. ಹುಡುಗ ನಕ್ಕು, "ಗುಳಿಗೆ ಅಲ್ರೀ ಕಾಕಾ, ಖಾಲಿ ಹೊಟ್ಟೀಲೆ ಹೋಗ್ರಿ ಅಂತ ಅದರ ಅರ್ಥ" ಅಂದ. ಸರಿ. (ಪೂರ್ತಿ ಹೇಳಿದರೆ 'ನಿಲ್ ಬೈ ಮೌತ್', ಬಾಯಿಂದ ಏನೂ ತಗೊಳ್ಳಬಾರದು ಅಂತ.) ರಾತ್ರಿ 9ಕ್ಕೆ ಎರಡು ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದರೆ ಹಳೆಯ ಡ್ರೈವರ್ ಗೆಳೆಯ ಸಿಕ್ಕ. ಚಹಾ ಬೇಡ ಅಂದರೆ ಬಿಡುವ ಪೈಕಿ ಅಲ್ಲ ಅವನು. 5:45ಕ್ಕೆ ಕುಡಿದೆವು. ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ನುಂಗಿದೆ.

ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಕೇಳಿದರು, "ಏನಾದ್ರೂ ತಿಂದೀರಾ?"

"ಏನೂ ಇಲ್ರೀ ಮೇಡಂ. ಬರೀ ಚಹಾ ಕುಡಿದೀನಿ."

ಅವರು ಪೆನ್ ಕೆಳಗಿಟ್ಟರು. ಅಷ್ಟೇ, ಅವತ್ತಿನ ಆಪರೇಷನ್ ಮುಗಿಯಿತು.

ನನಗೆ ಸಿಟ್ಟು ಬಂತು. ಮಗ ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ಎರಡು ತಾಸು ತಡವಾಗಿ ಮಾಡ್ರಿ ಅಂದೆ. ಆ ಮೇಡಂ 11ಕ್ಕೆ ಬೇರೆ ಆಸ್ಪತ್ರೆಗೆ ಹೋಗಬೇಕಿತ್ತು. ಹಾಗಿದ್ದರೂ ಐದು ನಿಮಿಷ ಕೂತು ಬಿಡಿಸಿ ಹೇಳಿದರು, ಅದನ್ನು ಮರೆಯಬಾರದು. ಎಚ್ಚರ ಇದ್ದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ನಾವು ಕೆಮ್ಮುತ್ತೇವೆ, ನುಂಗುತ್ತೇವೆ. ಮಂಪರಿನಲ್ಲಿ ಆ ಕಾವಲು ಸಡಿಲವಾಗುತ್ತದೆ. ವಾಂತಿ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಕುತ್ತು. ಇನ್ನು ಹಾಲು ಹೊಟ್ಟೆಯ ಹುಳಿಗೆ ಒಡೆದು ಗಟ್ಟಿಯಾಗುತ್ತದೆ. ಹಾಗಾಗಿ ಹಾಲು ಹಾಕಿದ ಚಹಾಕ್ಕೂ ಹಗುರ ತಿಂಡಿಗೂ ಒಂದೇ ಲೆಕ್ಕ, 6 ತಾಸು. ಕರಿದದ್ದು, ಮಾಂಸ ಇದ್ದರೆ 8 ತಾಸು. ಬರೀ ನೀರಾದರೆ ಸಾಮಾನ್ಯವಾಗಿ 2 ತಾಸು ಮೊದಲಿನವರೆಗೂ ನಡೆಯುತ್ತದೆ. 5:45ರಿಂದ 10ಕ್ಕೆ ನಾಲ್ಕು ತಾಸು ಹದಿನೈದು ನಿಮಿಷ. ನನ್ನ ಲೆಕ್ಕವೇ ನನ್ನನ್ನು ಸೋಲಿಸಿತು. ಡಾಕ್ಟರ್ ಮಾಡಿದ್ದು ಸರಿ ಇತ್ತು.

ಆದರೆ ಇದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ? ನಮ್ಮ ಕಡೆ "ಖಾಲಿ ಹೊಟ್ಟೆ" ಅಂದರೆ ರೊಟ್ಟಿ ತಿಂದಿಲ್ಲ ಅಂತ ಅರ್ಥ. ಚಹಾ ಅದರಲ್ಲಿ ಬರುವುದೇ ಇಲ್ಲ. ಕೆಲವರು ಇದಕ್ಕೆ ಉಲ್ಟಾ ಮಾಡುತ್ತಾರೆ. ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದ ಅಫಜಲಪುರ ಕಡೆಯ ತಾಯಿಯೊಬ್ಬರು ರಾತ್ರಿಯಿಂದ ನೀರನ್ನೂ ಮುಟ್ಟಿರಲಿಲ್ಲ. ಕಲಬುರಗಿಯ ಬೇಸಿಗೆ, 42 ಡಿಗ್ರಿ. ತುಟಿ ಒಡೆದಿತ್ತು. ಸೂಜಿ ಚುಚ್ಚಲು ನರವೇ ಸಿಗದೆ ನರ್ಸ್ ಎರಡೂ ಕೈ ತಡಕಾಡುತ್ತಿದ್ದರು.

ಗುಳಿಗೆಯದೂ ಅದೇ ಕಥೆ. ಊಟ ಬಿಟ್ಟು ಸಕ್ಕರೆ ಗುಳಿಗೆ ನುಂಗಿದರೆ ಶುಗರ್ ಇಳಿದು ಕಣ್ಣು ಕತ್ತಲೆ ಬರಬಹುದು. ಎರಡನೇ ಸಲ ಮೇಡಂ ನನ್ನ ಎಲ್ಲ ಗುಳಿಗೆಗಳನ್ನು ಟೇಬಲ್ ಮೇಲೆ ಸುರಿಸಿ ನೋಡಿದರು. ಆಪರೇಷನ್ ದಿನ ಬೆಳಿಗ್ಗೆ ಬಿಪಿಯದು ಒಂದು ಗುಟುಕು ನೀರಲ್ಲಿ ತಗೊಳ್ರಿ, ಶುಗರಿನದು ಬೇಡ ಅಂದರು. ಇದು ನನಗೆ ಹೇಳಿದ್ದು. ಎಲ್ಲರಿಗೂ ಇದೇ ಅಲ್ಲ, ಕೆಲವು ಶುಗರ್ ಗುಳಿಗೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಬೇಕಂತೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವೇ ಬಿಡಬಾರದು ಅಂತಲೂ ಹೇಳಿದರು.

ಆಮೇಲೆ ಬಾಯಿ ತೆರೆಸಿದರು. ನನ್ನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹೋಗಬೇಕಂತೆ. ನನಗೆ ಎರಡೂವರೆ ಹೋಯಿತು. ಲಾಂಗ್ ರೂಟಿನಲ್ಲಿ ನಿದ್ದೆ ಬಾರದಿರಲಿ ಅಂತ ಹತ್ತು ವರ್ಷ ಸುಪಾರಿ, ಗುಟ್ಕಾ ಜಗಿದಿದ್ದೆ. ಅದರಿಂದ ಕೆನ್ನೆಯ ಒಳಭಾಗ ಬಿಗಿಯಾಗಿದೆ. ಮಂಪರಿನಲ್ಲಿ ಉಸಿರಾಟಕ್ಕೆ ತೊಂದರೆಯಾದರೆ ಇಂಥ ಬಾಯಿಯಲ್ಲಿ ನಳಿಕೆ ಹಾಕುವುದು ಕಷ್ಟ, ಅದಕ್ಕೇ ಮೊದಲೇ ನೋಡುವುದು. ಬಿಟ್ಟು ಎಷ್ಟೋ ವರ್ಷವಾಯಿತು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಈ ಸಲದ ಆಪರೇಷನ್‌ನಲ್ಲಿ ಹಲ್ಲು ಬಂತು. ನನಗೆ ನೆನಪಿರುವುದು ಕೈಗೆ ಸೂಜಿ ಚುಚ್ಚಿದ್ದು, ಆಮೇಲೆ ತಂಗಿಯ ಮನೆಯ ಮಂಚ. ನಡುವಿನದು ಪೂರ್ತಿ ಖಾಲಿ. "ಹಲ್ಲು ಕಿತ್ತರಾ?" ಅಂತ ಆಟೋದಲ್ಲಿ ಮಗನನ್ನು ನಾಲ್ಕು ಸಲ ಕೇಳಿದೆನಂತೆ. ಅರ್ಧ ತಾಸು ಅರಳೆ ಕಚ್ಚಿ ಹಿಡಿಯಬೇಕು, ಉಗುಳಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಮರುದಿನದಿಂದ ಉಪ್ಪುನೀರು ಅಂತ ನರ್ಸ್ ನನಗೇ ಹೇಳಿದ್ದರಂತೆ. ನಾನು ತಲೆ ಅಲ್ಲಾಡಿಸಿದೆನಂತೆ. ಒಂದಕ್ಷರ ತಲೆಗೆ ಹೋಗಿಲ್ಲ! ಪುಣ್ಯಕ್ಕೆ ಮಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದ. ಮಾತು ಮಾತಿಗೆ ಉಗುಳುವ ನಮ್ಮ ಊರಿನವರಿಗೆ ಉಗುಳಬೇಡಿ ಅನ್ನುವುದೇ ದೊಡ್ಡ ಶಿಕ್ಷೆ. ಆದರೆ ಉಗುಳಿದರೆ ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಹುದು, ಆಗ ಎಲುಬು ಬಯಲಾಗಿ ನೋವು ಹಲ್ಲಿನ ನೋವಿಗಿಂತ ಜಾಸ್ತಿ. ಖಡಕ್ ರೊಟ್ಟಿ ಬಿಟ್ಟು ಒಂದು ವಾರ ಆರಿದ ಅಂಬಲಿ ಕುಡಿದೆ. 24 ತಾಸು ಬೈಕ್ ಮುಟ್ಟಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು ಅಂತಲೂ ಇತ್ತು. ಅಣ್ಣತಮ್ಮಂದಿರ ಹೊಲದ ಪಾಲು ನಡೆದಿರುವ ಮನೆಯಲ್ಲಿ ಆ ಮಾತು ಬಹಳ ಬೆಲೆಯದು.

ನಾನು ಕೇಳುವುದು ಅರ್ಧ ಹಾಳೆ ಕಾಗದ. ಕನ್ನಡದಲ್ಲಿ, "6 ತಾಸು ಮೊದಲು" ಅಂತ ಅಲ್ಲ, ಗಡಿಯಾರದ ಟೈಮ್ ಹಾಕಿ: ಊಟ ಇಷ್ಟಕ್ಕೆ ಬಂದ್, ಚಹಾ ಇಷ್ಟಕ್ಕೆ ಬಂದ್, ನೀರು ಇಷ್ಟಕ್ಕೆ ಬಂದ್, ಈ ಗುಳಿಗೆ ನುಂಗಿ, ಈ ಗುಳಿಗೆ ಬಿಡಿ. ಹಿಂದಿನ ಸಂಜೆ ಒಂದು ಫೋನ್. ಮನೆಗೆ ಹೋದ ಮೇಲಿನ ಮಾತನ್ನು ಜೊತೆಗೆ ಬಂದವರಿಗೆ ಹೇಳಿ, ಬರೆದೂ ಕೊಡಬೇಕು. ಟೈಮ್ ಬೋರ್ಡ್ ಇಲ್ಲದ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ತಪ್ಪಿದರೆ ಪ್ಯಾಸೆಂಜರನ್ನು ಬೈಯುವುದು ಸರಿಯಾ?

ಹೊಲಿಗೆ ಬಿಚ್ಚಿಸಲು ಹೋದಾಗ ಅಂಥದೊಂದು ಚೀಟಿ ನಾನೇ ಬರೆದು ಒಯ್ದಿದ್ದೆ. ಮೇಡಂ ಎರಡು ಕಡೆ ತಿದ್ದಿದರು. ಐವತ್ತು ಝೆರಾಕ್ಸ್ ಮಾಡಿಸಿ ಕೌಂಟರಿನಲ್ಲಿ ಕೊಟ್ಟು ಬಂದಿದ್ದೇನೆ. ಉರ್ದುವಿನಲ್ಲೂ ಒಂದು ಬೇಕು ಅಂದರು. ಅದನ್ನು ನನ್ನ ಡ್ರೈವರ್ ಗೆಳೆಯ ಬರೆಯುತ್ತಿದ್ದಾನೆ, ಆ ದಿನ 5:45ಕ್ಕೆ ಚಹಾ ಕುಡಿಸಿದವನೇ.

ಒಬ್ಬ ನಿವೃತ್ತ ಕಂಡಕ್ಟರ್,
ಸೇಡಂ, ಕಲಬುರಗಿ ಜಿಲ್ಲೆ